ಓದದವರು ಬೇರೆ, ಓದಲು ಬಿಡದವರು ಬೇರೆ

ಕಳೆದ ತಿಂಗಳ ಒಂದು ಭಾನುವಾರ. ಅಸರ್ ನಮಾಝ್ ಮುಗಿಸಿ ಎದ್ದಾಗ ಬಾಗಿಲಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಚೀಲ. ಚೀಲದಲ್ಲಿ ಅವಳು ನನ್ನಿಂದ ಒಯ್ದಿದ್ದ ನಾಲ್ಕು ಪುಸ್ತಕಗಳು. ಅವುಗಳಲ್ಲಿ ಎರಡನ್ನು ಅವಳಿನ್ನೂ ಓದಿರಲಿಲ್ಲ. ಓದದೆ ಪುಸ್ತಕ ಹಿಂತಿರುಗಿಸುವ ಹುಡುಗಿ ಅವಳಲ್ಲ.

“ತಗೋರಿ ಆಪಾ, ಇನ್ನ ಮುಂದ ನನಗ ಪುಸ್ತಕ ಬ್ಯಾಡ” ಎಂದಳು. ಕಣ್ಣು ಕೆಂಪಾಗಿದ್ದವು.

ಅವಳ ಮನೆ ನಮ್ಮ ಕಪನೂರಿನಲ್ಲೇ ಇದೆ. ಬಿ.ಎ. ಮುಗಿಸಿದ್ದಾಳೆ. ಎರಡು ತಿಂಗಳ ಹಿಂದೆ ಕಮಲಾಪುರದ ಒಂದು ಮನೆಯವರು ತಮ್ಮ ಊರಿನ ಹೆಸರಾಂತ ಕೆಂಪು ಬಾಳೆಹಣ್ಣಿನ ಬುಟ್ಟಿ ಹಿಡಿದು ಬಂದು ಮಂಗ್ನಿ ಮಾಡಿಕೊಂಡು ಹೋಗಿದ್ದರು. ಹುಡುಗ ಎಂಟನೆಯ ತರಗತಿಗೆ ಶಾಲೆ ಬಿಟ್ಟವನು. ಸ್ವಂತ ಗೂಡ್ಸ್ ಗಾಡಿ ಇದೆ. ಹುಮನಾಬಾದ್ ರಸ್ತೆಯಲ್ಲಿ ದಿನಾ ಓಡಾಡುತ್ತಾನೆ, ನಮ್ಮ ಕೈಗಾರಿಕಾ ಪ್ರದೇಶದ ದಾಲ್ ಮಿಲ್‌ಗಳಿಗೂ ಸರಕು ಹಾಕುತ್ತಾನೆ. ನಮಾಝಿ, ದುಶ್ಚಟಗಳಿಲ್ಲ. ಹಿರಿಯರಿಗೆ ಇನ್ನೇನು ಬೇಕು?

ಈಗಿನ ಕಾಲದಲ್ಲಿ ಮಂಗ್ನಿಗೂ ನಿಕಾಹ್‌ಗೂ ನಡುವೆ ಒಂದು ಫೋನ್ ಇರುತ್ತದೆ. ಸರಿಯೋ ತಪ್ಪೋ, ದೊಡ್ಡ ನಗರಗಳಲ್ಲಿ ಡೇಟಿಂಗ್ ಎಂದು ಕರೆಯುವುದು ನಮ್ಮ ಓಣಿಗಳಲ್ಲಿ ಆ ಫೋನಿನ ಮಾತುಕತೆಯಷ್ಟೇ ಆಗಿದೆ. ಹಾಗೆ ಮಾತಾಡುವಾಗ ಒಂದು ರಾತ್ರಿ ಇವಳು ತಾನು ಓದಿದ ಕಾದಂಬರಿಯ ಕಥೆಯನ್ನು ಅವನಿಗೆ ಹೇಳಿದ್ದಾಳೆ.

“ಅರ್ಧ ತಾಸು ಹೇಳ್ದೆ ಆಪಾ. ಹಾಂ, ಹೂಂ ಅಂದ್ರು. ಕಡೀಗಿ, ಮದಿವಿ ಆದ್ಮ್ಯಾಲ ಇವೆಲ್ಲ ಬಿಟ್ಟಬಿಡು, ನನ್ನ ಮುಂದ ಪುಸ್ತಕ ಹಿಡಿಬ್ಯಾಡ ಅಂದ್ರು. ನೀವೇ ನಮ್ಮ ಅಬ್ಬಾಗ ಹೇಳ್ರಿ. ಈ ಮಂಗ್ನಿ ಮುರದಬಿಡ್ಲಿ.”

ಪ್ರಿಯ ಓದುಗರೇ, ನೀವು ನನ್ನ ಜಾಗದಲ್ಲಿದ್ದರೆ ಏನು ಹೇಳುತ್ತಿದ್ದಿರಿ? “ಇಷ್ಟು ಸಣ್ಣ ಕಾರಣಕ್ಕೆ ಸಂಬಂಧ ಮುರಿಯುತ್ತಾರೆಯೇ?” ಎಂದು ಗದರಿಸುತ್ತಿದ್ದಿರಾ? ಅಥವಾ “ಓದದವನೊಂದಿಗೆ ಬಾಳುವುದು ಹೇಗೆ?” ಎಂದು ಅವಳ ಜೊತೆ ಕಣ್ಣೀರಿಡುತ್ತಿದ್ದಿರಾ? ನಾನು ಎರಡನ್ನೂ ಮಾಡಲಿಲ್ಲ. ಚಹಾ ಮಾಡಿ ಕೊಟ್ಟು, ಮೂರು ದಿನ ಬಿಟ್ಟು ಬಾ ಎಂದೆ. ಏಕೆಂದರೆ ಅವಳ ಪ್ರಶ್ನೆ ನನ್ನ ಮನೆಯ ಪ್ರಶ್ನೆಯೂ ಆಗಿತ್ತು.

ನಮ್ಮ ಭಾಗದಲ್ಲಿ ಇದು ಒಂದೆರಡು ಮನೆಗಳ ಸಮಸ್ಯೆಯಲ್ಲ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಸುಮಾರು 65 ಮಂದಿ. ರಾಜ್ಯದ ಸರಾಸರಿ ಸುಮಾರು 75 ಇತ್ತು. ಮಹಿಳೆಯರಲ್ಲಂತೂ ನಮ್ಮ ಜಿಲ್ಲೆಯ ಲೆಕ್ಕ ಸುಮಾರು 55. ಅಂದರೆ ಓದಬಲ್ಲವರು ಮತ್ತು ಓದಲಾರದವರು ಒಂದೇ ಸೂರಿನ ಕೆಳಗೆ ಬಾಳುವುದು ಇಲ್ಲಿ ಹೊಸತಲ್ಲ. ನಮ್ಮ ತಾಯಂದಿರ ಕಾಲದಲ್ಲಿ ಗಂಡ ಕಾಗದ ಓದುತ್ತಿದ್ದ, ಹೆಂಡತಿ ಕೇಳುತ್ತಿದ್ದಳು. ಈಗ ನಾನು ಕಲಿಸಿದ ಮಕ್ಕಳನ್ನೇ ನೋಡಿದರೆ ಚಿತ್ರ ತಿರುಗಿದೆ. ಹೆಣ್ಣುಮಕ್ಕಳು ಪದವಿಯವರೆಗೆ ಹೋಗುತ್ತಿದ್ದಾರೆ. ಗಂಡುಮಕ್ಕಳು ಗ್ಯಾರೇಜು, ಮಿಲ್ಲು, ಡ್ರೈವಿಂಗ್ ಎಂದು ನಡುವೆಯೇ ಶಾಲೆ ಬಿಡುತ್ತಿದ್ದಾರೆ. ಇದರ ಮೇಲೆ ನಮ್ಮ ಮನೆಗಳಲ್ಲಿ ಭಾಷೆಯ ಗೋಡೆ ಬೇರೆ. ಮಾತು ದಖ್ಖನಿ, ಅತ್ತೆ ಓದುವುದು ಉರ್ದು, ಸೊಸೆ ಓದುವುದು ಕನ್ನಡ. ಇಬ್ಬರೂ ಓದುಗರೇ ಆದರೂ ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಕಪ್ಪು ಗೆರೆಗಳಷ್ಟೇ.

ಇನ್ನು ನನ್ನ ಮನೆಯ ವಿಷಯ. ನಾನು ಮದ್ರಸಾದಲ್ಲಿ ಓದಿ ಆಲಿಮಾ ಆದವಳು. ನನ್ನ ಪತಿ ದಾಲ್ ಮಿಲ್‌ನಲ್ಲಿ ಮಷೀನ್ ಮಿಸ್ತ್ರಿ. ಮದುವೆಯಾದ ಮೊದಲ ವರ್ಷ ಯಾರದೋ ಮದುವೆಯ ಕಾರ್ಡು ಬಂತು. ನನ್ನ ಅಣ್ಣ ಕೂಡ ಅಂದು ನಮ್ಮಲ್ಲಿದ್ದ. ಇವರು ಕಾರ್ಡು ತೆಗೆದು ನಿಧಾನವಾಗಿ ಅಕ್ಷರ ಕೂಡಿಸಿ ಓದತೊಡಗಿದರು. ಒಂದು ಹೆಸರನ್ನು ತಪ್ಪಾಗಿ ಓದಿದರು. ನಾನು ಕಿಸಕ್ಕನೆ ನಕ್ಕು, ಕಾರ್ಡು ಕಸಿದುಕೊಂಡು, ಸರಿಯಾಗಿ ಓದಿ ತೋರಿಸಿದೆ. ಅಣ್ಣನೂ ನಕ್ಕ. ಇವರೂ ನಕ್ಕರು. ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಆ ದಿನದಿಂದ ಐದಾರು ವರ್ಷ ಇವರು ನನ್ನ ಎದುರು ಒಂದು ಚೀಟಿಯನ್ನೂ ಓದಲಿಲ್ಲ. ಕರೆಂಟ್ ಬಿಲ್ ಬಂದರೆ “ನೀನೇ ನೋಡು, ಚಶ್ಮಾ ಇಲ್ಲ” ಎನ್ನುವರು. ಮಗಳ ಶಾಲೆಯ ಡೈರಿ ಬಂದರೂ ಅದೇ ಮಾತು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಚಶ್ಮಾ ಅವರ ಬಳಿ ಇರಲೇ ಇಲ್ಲ! ನಾನು ಪುಸ್ತಕ ಹಿಡಿದು ಕೂತರೆ ಎದ್ದು ಹೊರಗೆ ಹೋಗುವರು. “ಇವರಿಗೆ ಓದು ಎಂದರೆ ದ್ವೇಷ” ಎಂದು ನಾನು ತವರಿನಲ್ಲಿ ದೂರುತ್ತಿದ್ದೆ. ಅದು ದ್ವೇಷವಲ್ಲ, ನಾನೇ ಮಾಡಿದ ಗಾಯ ಎಂದು ತಿಳಿಯುವಷ್ಟು ಬುದ್ಧಿ ಅಷ್ಟು ಓದಿಯೂ ನನಗಿರಲಿಲ್ಲ.

ಹೈದರಾಬಾದಿನಲ್ಲಿ 1998ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯವು ಮದ್ರಸಾದಲ್ಲಿ ಕಲಿತ ನನ್ನಂಥವರಿಗೆ ದೂರಶಿಕ್ಷಣದಲ್ಲಿ ಬಿ.ಎ. ಮಾಡುವ ದಾರಿ ತೆರೆದಿತ್ತು. ಇಬ್ಬರು ಮಕ್ಕಳಾದ ಮೇಲೆ ನಾನು ಅರ್ಜಿ ಹಾಕಿದೆ. ಇವರು ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಶುಲ್ಕ ಕಟ್ಟಿದರು. ರೊಟ್ಟಿ ಬಡಿಯುತ್ತಾ ನಾನು ಇತಿಹಾಸದ ಪಾಠವನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ಒಂದು ದಿನ, ಗುಲ್ಬರ್ಗದಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದದ್ದು 1374ರಲ್ಲಿ ಎಂದು ಹೇಳಿಕೊಂಡೆ. ಹೊರಗೆ ಮಂಚದ ಮೇಲೆ ಮಲಗಿದ್ದವರು ಕಣ್ಣು ಮುಚ್ಚಿಕೊಂಡೇ ಹೇಳಿದರು: “ನಿನ್ನೆ 1347 ಅಂದಿದ್ದಿ.”

ನಾನು ಲಟ್ಟಣಿಗೆ ಬಿಟ್ಟು ಪುಸ್ತಕ ತೆರೆದೆ. 1347 ಎಂದೇ ಇತ್ತು.

ಅವರು ಪ್ರತಿದಿನ ಕೇಳುತ್ತಿದ್ದರು! ನಾನು ಓದಿದ್ದನ್ನು ನಾನೇ ಮರೆತಿದ್ದೆ, ಅವರು ಮರೆತಿರಲಿಲ್ಲ. ಮಿಲ್ಲಿನಲ್ಲಿ ಹತ್ತು ಯಂತ್ರಗಳ ಸದ್ದಿನ ನಡುವೆ ಯಾವ ಬೇರಿಂಗ್ ಸವೆದಿದೆ ಎಂದು ಕಿವಿಯಿಂದಲೇ ಹೇಳುವ ಮನುಷ್ಯ ಅವರು. ಅವರ ಕಿವಿಯೇ ಅವರ ಪುಸ್ತಕ. ಅಂದು ನನಗೆ ನಾಚಿಕೆಯಾಯಿತು. ರಾತ್ರಿ ಕ್ಷಮೆ ಕೇಳಿದೆ. “ಯಾವ ಕಾರ್ಡು?” ಎಂದರು. ಮರೆತಂತೆ ನಟಿಸಿದರು.

ಅಲ್ಲಿಂದ ನಾನು ಓದಿದ್ದನ್ನು ಅವರಿಗೆ ಹೇಳತೊಡಗಿದೆ. ಪಾಠ ಮಾಡಲಿಲ್ಲ, ಬರೀ ಹೇಳಿದೆ. ಒಮ್ಮೆ ವೈಕಂ ಮುಹಮ್ಮದ್ ಬಶೀರರ ‘ಪಾತುಮ್ಮಳ ಆಡು’ ಓದುತ್ತಾ ಒಬ್ಬಳೇ ನಗುತ್ತಿದ್ದೆ. “ಏನದು?” ಎಂದರು. ಲೇಖಕನ ಮನೆಯಲ್ಲಿ ಒಂದು ಆಡಿದೆ, ಅದು ಅವನೇ ಬರೆದ ಪುಸ್ತಕಗಳನ್ನು ತಿಂದುಬಿಡುತ್ತದೆ ಎಂದೆ. ಇವರು ಯೋಚಿಸಿ, “ಹಂಗಾದ್ರ ಆ ಆಡು ನನಗಿಂತ ಜಾಸ್ತಿ ಓದ್ಯದ” ಎಂದರು. ಇಬ್ಬರೂ ನಕ್ಕೆವು. ಕಾರ್ಡಿನ ದಿನದ ನಗು ಬೇರೆ, ಈ ನಗು ಬೇರೆ.

ಸಹೋದರಿಯರೇ, ಇಲ್ಲಿಗೆ ಕಥೆ ಸುಖಾಂತ್ಯ ಕಂಡಿತು ಎಂದು ನಾನು ಸುಳ್ಳು ಹೇಳಲಾರೆ. ನನ್ನ ಪತಿ ಇಂದಿಗೂ ಪುಸ್ತಕ ಓದುವುದಿಲ್ಲ. ಒಂದು ಒಳ್ಳೆಯ ಪುಸ್ತಕ ಮುಗಿಸಿದ ರಾತ್ರಿ, ಅದನ್ನು ಓದಿದ ಇನ್ನೊಬ್ಬರು ಪಕ್ಕದಲ್ಲಿದ್ದರೆ ಎಂಬ ಆಸೆ ಇಂದಿಗೂ ಆಗುತ್ತದೆ. ಆ ಕೊರತೆ ನಿಜ. ಆದರೆ ಒಬ್ಬ ಮನುಷ್ಯನೇ ನಮ್ಮ ಎಲ್ಲ ಕೊರತೆಗಳನ್ನೂ ತುಂಬಬೇಕು ಎಂದರೆ ಹೇಗೆ? ಪುಸ್ತಕದ ಮಾತಿಗೆ ನನಗೆ ಇಬ್ಬರು ಗೆಳತಿಯರಿದ್ದಾರೆ, ಮಗಳಿದ್ದಾಳೆ, ನೀವೂ ಇದ್ದೀರಿ. ಗಂಡನಿಂದ ನನಗೆ ಬೇಕಾದದ್ದು ಬೇರೆ: ನಾನು ಓದುವಾಗ ನನ್ನನ್ನು ಓದಲು ಬಿಡಬೇಕು. ಅದನ್ನು ಅವರು ಕೊಟ್ಟಿದ್ದಾರೆ. ಮಿಲ್ಲಿನಲ್ಲಿ ಉಳಿದ ಕಬ್ಬಿಣದ ಪಟ್ಟಿಗಳನ್ನು ಕೇಳಿ ತಂದು, ತಾವೇ ವೆಲ್ಡಿಂಗ್ ಮಾಡಿ, ಪುಸ್ತಕಕ್ಕೆ ರ‍್ಯಾಕ್ ಮಾಡಿಕೊಟ್ಟಿದ್ದಾರೆ.

ಓದದ ಸಂಗಾತಿ ಮತ್ತು ಓದಲು ಬಿಡದ ಸಂಗಾತಿ, ಇವರಿಬ್ಬರನ್ನು ನಾವು ಒಂದೇ ತಕ್ಕಡಿಯಲ್ಲಿ ಹಾಕುತ್ತೇವೆ. ಅದು ತಪ್ಪು. ಓದದಿರುವುದು ದೋಷವಲ್ಲ, ಅದೊಂದು ಅಭಿರುಚಿ ಅಥವಾ ಬಾಲ್ಯದಲ್ಲಿ ಸಿಗದೆ ಹೋದ ಅವಕಾಶ. ಓದುವವರನ್ನು ಹಂಗಿಸುವುದು ದೋಷ, ಆದರೆ ಮಾತಿನಿಂದ ತಿದ್ದಬಹುದು. ಓದಲು ಬಿಡದಿರುವುದು ಮಾತ್ರ ಅನ್ಯಾಯ. ಮೊದಲನೆಯದಕ್ಕೆ ಸಂಬಂಧ ಮುರಿಯಬೇಕಾಗಿಲ್ಲ. ಮೂರನೆಯದನ್ನು ನಿಕಾಹ್‌ಗೆ ಮೊದಲೇ ತಿಳಿಯಬೇಕು.

ಬಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ನಿದರ್ಶನವಿದೆ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರಿಗೆ ಮೆಟ್ರಿಕ್ ಆದ ಮೇಲೆ ಮುಂದೆ ಓದುವ ಆಸೆಯಿತ್ತು. ಸಮಾಜದ ಕಟ್ಟಳೆ ಬಿಡಲಿಲ್ಲ. ಒಂದು ಗ್ರಂಥಾಲಯದ ಸದಸ್ಯತ್ವ ಅವರಿಗೆ ಸಿಕ್ಕಿದ್ದು 1963ರಲ್ಲಿ. ಅವರ ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಾಗ ಅವರಿಗೆ 45ರ ವಯಸ್ಸು. 2023ರ ಜನವರಿಯಲ್ಲಿ ಅವರು ತೀರಿಕೊಂಡರು. ಕನ್ನಡಕ್ಕೆ ಅವರು ಕೊಟ್ಟದ್ದು ಬಹಳ. ಆದರೆ ಗ್ರಂಥಾಲಯದ ಬಾಗಿಲು ಹತ್ತು ವರ್ಷ ಮೊದಲೇ ತೆರೆದಿದ್ದರೆ?

ಇನ್ನೊಂದು ಉದಾಹರಣೆ ಬಂಗಾಳದ್ದು. 19ನೇ ಶತಮಾನದಲ್ಲಿ ರಾಸಸುಂದರಿ ದೇವಿ ಎಂಬ ಗೃಹಿಣಿ ಮಕ್ಕಳಾದ ಮೇಲೆ ಅಕ್ಷರ ಕಲಿತರು. ಅದೂ ಗುಟ್ಟಾಗಿ. ಮನೆಯ ಒಂದು ಗ್ರಂಥದ ಹಾಳೆಯನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟು, ಒಲೆಯ ಕೆಲಸದ ನಡುವೆ ಕದ್ದು ನೋಡಿ ಕಲಿತರು. ಅವರು ಬರೆದ ‘ಆಮಾರ್ ಜೀಬನ್’ ಬಂಗಾಳಿಯ ಮೊದಲ ಆತ್ಮಕಥೆ ಎಂದು ಹೆಸರಾಯಿತು. ಅವರ ಪತಿ ಕೆಟ್ಟವರಾಗಿರಲಿಲ್ಲ. ಆದರೂ ಹೆಂಡತಿ ಹೆದರಿ ಹೆದರಿ ಓದಬೇಕಾಯಿತು. ಯಾರೂ ಬಾಯಿಬಿಟ್ಟು ಬೇಡ ಎನ್ನದಿದ್ದರೂ ಮನೆಯ ಗಾಳಿಯೇ ಬೇಡ ಎನ್ನಬಹುದು.

ನಮ್ಮ ದೀನ್ ಈ ವಿಷಯದಲ್ಲಿ ಏನು ತೋರಿಸಿಕೊಟ್ಟಿದೆ? ಹಿರಾ ಗುಹೆಯಲ್ಲಿ ಬಂದ ಮೊದಲ ಆಜ್ಞೆಯೇ ಓದಿನ ಆಜ್ಞೆ. ಆದರೆ ಅದು ಬಂದದ್ದು ಓದು ಬರಹ ಕಲಿಯದ ಪ್ರವಾದಿವರ್ಯರಿಗೆ(ಸ). ಅವರು ನಡುಗುತ್ತಾ ಮನೆಗೆ ಬಂದಾಗ ಹಝ್ರತ್ ಖದೀಜಾ(ರ) ಏನು ಮಾಡಿದರು? ಹೊದಿಕೆ ಹೊದಿಸಿದರು. ಮಾತನ್ನು ಪೂರ್ತಿ ಕೇಳಿದರು. ಧೈರ್ಯ ಹೇಳಿದರು. ಬಳಿಕ ಹಳೆಯ ಗ್ರಂಥಗಳನ್ನು ಬಲ್ಲ ತಮ್ಮ ಬಂಧು ವರಕಾ ಬಿನ್ ನೌಫಲ್ ಬಳಿಗೆ ಕರೆದೊಯ್ದರು. ಸಂಗಾತಿಗೆ ಸಿಕ್ಕಿದ್ದನ್ನು ಮೊದಲು ಕೇಳುವ ಕಿವಿಯಾಗುವುದು, ನಮಗೆ ತಿಳಿಯದಿದ್ದರೆ ತಿಳಿದವರ ಬಳಿಗೆ ಜೊತೆಯಾಗಿ ಹೋಗುವುದು. ದಾಂಪತ್ಯಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಇನ್ನೊಂದು ಹದೀಸ್ ಎಲ್ಲರೂ ಕೇಳಿರುತ್ತೀರಿ. ಮಹ್ರ್ ಕೊಡಲು ಕಬ್ಬಿಣದ ಉಂಗುರವೂ ಇಲ್ಲದ ಒಬ್ಬ ಬಡವನಿದ್ದ. ಅವನಿಗೆ ಕುರ್‌ಆನಿನ ಕೆಲವು ಅಧ್ಯಾಯಗಳು ಬಾಯಿಗೆ ಬರುತ್ತಿದ್ದವು. ಆ ಅರಿವಿನ ಮೇಲೆಯೇ ಅವನ ನಿಕಾಹ್ ನೆರವೇರಿತು. ಒಬ್ಬರು ಬಲ್ಲವರು, ಒಬ್ಬರು ಕಲಿಯುವವರು. ಆ ಸಂಸಾರ ಶುರುವಾದದ್ದೇ ಆ ಅಂತರದಿಂದ. ಅಂತರವೇ ಅವರ ನಡುವಿನ ಉಡುಗೊರೆಯಾಯಿತು. ಬಲ್ಲವರು ಅದನ್ನು ಕೊಡುಗೆಯಾಗಿ ಕೊಟ್ಟರೆ ಮಹ್ರ್, ಕೋಲಾಗಿ ಬೀಸಿದರೆ ಗಾಯ.

ಮೂರು ದಿನ ಬಿಟ್ಟು ಆ ಹುಡುಗಿ ಬಂದಾಗ ಇದನ್ನೆಲ್ಲ ಹೇಳಿದೆ. ನನ್ನ ಕಾರ್ಡಿನ ಕಥೆಯನ್ನೂ ಮುಚ್ಚಿಡಲಿಲ್ಲ. ಕೊನೆಗೆ, “ನಿನ್ನ ಅಬ್ಬಾಗೆ ನಾನು ಹೇಳುತ್ತೇನೆ, ಆದರೆ ಅದಕ್ಕೆ ಮೊದಲು ನೀನು ಅವನನ್ನು ಒಂದೇ ಪ್ರಶ್ನೆ ಕೇಳು. ನೀವು ಓದುತ್ತೀರಾ ಎಂದು ಕೇಳಬೇಡ. ನಾನು ಓದಿದರೆ ನಿಮಗೇನು ಕಷ್ಟ ಎಂದು ಕೇಳು. ಅವನು ಏನೇ ಹೇಳಲಿ, ನಡುವೆ ಬಾಯಿ ಹಾಕಬೇಡ” ಎಂದೆ.

ಎರಡು ದಿನ ಅವನಿಂದ ಉತ್ತರ ಬರಲಿಲ್ಲವಂತೆ. ಮೂರನೆಯ ದಿನ ಅವನೇ ಫೋನ್ ಮಾಡಿದ. ಗಾಡಿಯ ಬಿಲ್ಟಿ ಓದಲು ತನಗೆ ಕಷ್ಟ, ಜೊತೆಗಿರುವ ಹುಡುಗನಿಂದ ಓದಿಸಿಕೊಳ್ಳುತ್ತೇನೆ, ಆ ಹುಡುಗ ಒಂದೊಂದು ಸಲ ನಗುತ್ತಾನೆ ಎಂದು ಹೇಳಿದ. ಮನೆಯಲ್ಲಿ ಹೆಂಡತಿಯೂ ನಕ್ಕರೆ ಎಲ್ಲಿಗೆ ಹೋಗಲಿ ಎಂದು ಕೇಳಿದ.

“ಅವರು ಓದಬ್ಯಾಡ ಅಂದಿಲ್ಲ ಆಪಾ” ಎಂದಳು ಹುಡುಗಿ. “ನನ್ನ ಮುಂದ ಓದಬ್ಯಾಡ ಅಂದಾರ. ನನಗೇ ತಿಳಿದಿದ್ದಿಲ್ಲ.”

ನಿಕಾಹ್ ದಿನ ಇನ್ನೂ ಗೊತ್ತಾಗಿಲ್ಲ. ಆಗುತ್ತದೋ ಇಲ್ಲವೋ ನಾನು ಹೇಳಲಾರೆ, ನಿರ್ಧಾರ ಅವಳದು. ಹೆಣ್ಣಿನ ಒಪ್ಪಿಗೆ ಇಲ್ಲದೆ ನಿಕಾಹ್ ಇಲ್ಲ. ಆದರೆ ಆ ಎರಡು ಪುಸ್ತಕಗಳನ್ನು ಅವಳು ಮತ್ತೆ ಒಯ್ದಿದ್ದಾಳೆ.

ಹೆಣ್ಣು ನೋಡಲು, ಗಂಡು ನೋಡಲು ಹೋಗುವ ಹಿರಿಯರಲ್ಲಿ ನನ್ನದೊಂದು ವಿನಂತಿ. “ಎಷ್ಟು ಓದಿದ್ದಾರೆ?” ಎಂದು ಕೇಳುತ್ತೀರಿ, ಸರಿ. “ಮುಂದೆ ಓದಲು ಬಿಡುತ್ತೀರಾ?” ಎಂದೂ ಕೇಳಿ. ನಿಕಾಹ್ ಒಂದು ಕರಾರು. ಅದರಲ್ಲಿ ಒಪ್ಪಿಕೊಂಡ ಷರತ್ತುಗಳೇ ಎಲ್ಲಕ್ಕಿಂತ ಮೊದಲು ಪಾಲಿಸಲು ಅರ್ಹವಾದವು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮಾತು ಮೊದಲೇ ಆಗಲಿ, ಸಾಕ್ಷಿಗಳ ಮುಂದೆ ಆಗಲಿ.

ಅತ್ತೆಯಂದಿರೇ, ಸೊಸೆ ಪುಸ್ತಕ ಹಿಡಿದರೆ ಕೆಲಸ ಕೆಟ್ಟಿತು ಎಂದುಕೊಳ್ಳಬೇಡಿ. ಅದೇ ಸೊಸೆ ಮೊಬೈಲ್ ಹಿಡಿದು ಒಂದು ತಾಸು ಕೂತರೆ ಸುಮ್ಮನಿರುತ್ತೀರಲ್ಲ! ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಅದರಲ್ಲಿ ಏನಿದೆ, ನಮ್ಮ ಮಾತಿನಲ್ಲಿ ಹೇಳು” ಎನ್ನಿ. ಕನ್ನಡದ ಕಥೆ ದಖ್ಖನಿಯಲ್ಲಿ ಇನ್ನೂ ರುಚಿಯಾಗಿರುತ್ತದೆ.

ಓದುವ ಗಂಡಸರೇ, ನಿಮಗೂ ಒಂದು ಮಾತು. ಓದದ ಹೆಂಡತಿ ಎಂದು ಗೆಳೆಯರ ಮುಂದೆ ತಮಾಷೆ ಮಾಡುವವರು ನಿಮ್ಮಲ್ಲಿ ಕಡಿಮೆಯೇನಿಲ್ಲ. ನೀವು ಕೂತು ಓದುವ ಆ ಒಂದು ತಾಸು ನಿಮಗೆ ಸಿಕ್ಕಿದ್ದು ಅವಳು ಒಲೆಯ ಮುಂದೆ ನಿಂತ ಕಾರಣಕ್ಕೆ. ಮಕ್ಕಳನ್ನು ನೀವು ನೋಡಿಕೊಂಡು ಅವಳಿಗೂ ಒಂದು ತಾಸು ಕೊಟ್ಟು ನೋಡಿ. ಆಮೇಲೆ ಅವಳು ಓದುತ್ತಾಳೋ, ನಿದ್ದೆ ಮಾಡುತ್ತಾಳೋ, ಅದು ಅವಳ ಇಷ್ಟ.

ಪುಸ್ತಕಕ್ಕೆ ಹಣವಿಲ್ಲ ಎಂಬ ಜಗಳವೂ ಬೇಡ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ನೂರಕ್ಕೆ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. 1965ರ ಗ್ರಂಥಾಲಯ ಕಾಯ್ದೆಯ ಕಾಲದಿಂದ ಅದು ಇದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಮಕ್ಕಳನ್ನು ಕರೆದುಕೊಂಡು ಹೋಗುವ ನೆಪದಲ್ಲಿ ದಂಪತಿಗಳು ಒಟ್ಟಿಗೇ ಹೋಗಿ. ಒಬ್ಬರು ಪುಸ್ತಕ ಆರಿಸಲಿ, ಇನ್ನೊಬ್ಬರು ಹೊರಗೆ ಕೂತು ಚಹಾ ಕುಡಿಯಲಿ. ಜೊತೆಯಲ್ಲಿ ಬಂದರಲ್ಲ, ಅದೇ ದೊಡ್ಡದು.

ಇದನ್ನು ಬರೆದು ಮುಗಿಸುವಾಗ ರಾತ್ರಿ ಹತ್ತೂವರೆ. ಇವರು ಮಿಲ್ಲಿನಿಂದ ಬಂದು ಊಟ ಮಾಡಿ ಮಲಗಿದ್ದಾರೆ. “ಈ ಸಲ ಏನು ಬರೆದಿ?” ಎಂದು ಕೇಳಿದರು. ನಿಮ್ಮ ಬಗ್ಗೆಯೇ ಎಂದೆ. “ಓದು” ಎಂದರು. ಮೊದಲಿನಿಂದ ಕೊನೆಯವರೆಗೆ ಓದಿದೆ. ಕಾರ್ಡಿನ ಕಥೆ ಬಂದಾಗ ಬೇಕಾದರೆ ತೆಗೆಯುತ್ತೇನೆ ಎಂದೆ.

“ಇರಲಿ ಬಿಡು. ಯಾರಾದರೂ ಒಬ್ಬರು ನಗೋದು ಬಿಟ್ಟರೆ ಸಾಕು” ಎಂದರು.